ದೀಪದ ಶೂ

ಜೂನ್ ೬

ತಂಗೀ,

ದಿನಕ್ಕೆರಡು ಸಲ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡ. ಆಸ್ಪತ್ರೆಯ ಎದುರಿಗೆ ನಾವು ಬಾಡಿಗೆಗೆ ಹಿಡಿದಿರುವುದು ಮೂರನೇ ಮಹಡಿಯಲ್ಲಿ ಒಂದೇ ಕೋಣೆ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದರೂ ಹೊರಗೆ ಬರುವ ಹೊತ್ತಿಗೆ ಪಿಟೀಲು ಕಾದು ಕೂತಿರುತ್ತಾಳೆ. "ಪ್ಲೇಟ್‌ಲೆಟ್ ಅಂದ್ರೆ ಏನಮ್ಮಾ? ನಂದು ಯಾಕೆ ಕಮ್ಮಿ?" ಹುಟ್ಟಿದಾಗಿನಿಂದ ಕುಂಯ್ ಕುಂಯ್ ಎಂದು ರಾಗ ಎಳೆಯುತ್ತಿದ್ದವಳಿಗೆ ಆ ಹೆಸರಿಟ್ಟವಳು ನೀನೇ. ಈಗ ಎಂಟು ವರ್ಷವಾದರೂ ರಾಗ ನಿಂತಿಲ್ಲ, ಕಿವಿ ಮಾತ್ರ ಇನ್ನೂ ಚುರುಕಾಗಿದೆ. ಅದಕ್ಕೇ ಊಟ ತಿಂಡಿಯ ಮಾತು ಫೋನಿಗೆ, ನಿಜವಾದ ಮಾತು ಕಾಗದಕ್ಕೆ.

ಮೊದಲ ಕೆಂಪು ಔಷಧಿ ಹೋಯಿತು. ನೋಡಲು ಶರಬತ್ತಿನ ಹಾಗಿದೆ, ನರ್ಸ್ ಮಾತ್ರ ಅದನ್ನು ಎರಡು ಗ್ಲೌಸ್ ಹಾಕಿಕೊಂಡು ಹಿಡಿಯುತ್ತಾಳೆ. ರಕ್ತದ ಕ್ಯಾನ್ಸರನ್ನು ಚೆನ್ನಾಗಿ ಕೊಲ್ಲುತ್ತದಂತೆ. ಆದರೆ ಕೆಲವು ಮಕ್ಕಳಿಗೆ ಅದೇ ಔಷಧಿ ಹೃದಯದ ಸ್ನಾಯುವನ್ನೂ ಸುಡುತ್ತದಂತೆ. ಇಂಥದ್ದು ಐದು ಸಲ ಕೊಡಬೇಕು, ಪ್ರತಿ ಸಲಕ್ಕೂ ಮುಂಚೆ ಎಕೋ ಮಾಡಿ ಹೃದಯ ನೋಡುತ್ತಾರೆ. ಮೊದಲ ಎಕೋದಲ್ಲಿ ಪಂಪಿಂಗ್ ನೂರಕ್ಕೆ ಅರವತ್ತಾರು ಎಂದು ಬರೆದಿದ್ದಾರೆ. ನೀನು ಇಡೀ ದಿನ ಕತ್ತಲೆ ಕೋಣೆಯಲ್ಲಿ ಕೂತು ಜನರ ಹೃದಯವನ್ನು ಪರದೆಯ ಮೇಲೆ ನೋಡುವವಳು. ಹೇಳು, ಅರವತ್ತಾರು ಸಾಕಾ?

ನನ್ನ ಬಗ್ಗೆ ಕೇಳಬೇಡ. ಸೊಂಟ ಹಿಡಿದುಕೊಂಡಿದೆ, ಅಷ್ಟೇ. ನಿನ್ನ ಭಾವ ಭಾನುವಾರ ಬಂದು ಹೋಗುತ್ತಾರೆ. ಬಂದಾಗ ಧೈರ್ಯ ಹೇಳುತ್ತಾರೆ, ಹೋಗುವಾಗ ಬಸ್ಸಿನಲ್ಲಿ ಅಳುತ್ತಾರೆ ಎಂದು ನನಗೆ ಅನುಮಾನ.

ನಿನ್ನ ಅಕ್ಕ


ಜೂನ್ ೧೫

ಅಕ್ಕಾ,

ಅರವತ್ತಾರು ಸಾಕಾ ಎಂದು ಕೇಳಿದ್ದೀಯ! ನನ್ನ ಮುಂದೆ ಮಲಗುವವರಿಗೆ ಎದೆ ತುಂಬ ಕೂದಲು, ಬಾಯಿ ತುಂಬ ಪ್ರಶ್ನೆ, ಪಂಪಿಂಗ್ ಮಾತ್ರ ಮೂವತ್ತೈದು. ಮೊನ್ನೆ ಒಬ್ಬ ಯಜಮಾನರಿಗೆ ನಲವತ್ತು ಎಂದಾಗ "ಪಾಸಾದೆ ಹಾಗಾದ್ರೆ" ಎಂದು ನನಗೇ ಕೈ ಮುಗಿದರು. ಐವತ್ತೈದಕ್ಕಿಂತ ಮೇಲೆ ಇದ್ದರೆ ನಿಶ್ಚಿಂತೆಯಾಗಿರು. ಅರವತ್ತಾರು ಅಂದರೆ ಚಿನ್ನ.

ಒಂದನ್ನು ಮಾತ್ರ ನೀನೇ ಗಮನಿಸಬೇಕು, ಅದನ್ನು ಯಾವ ಮೆಷಿನ್ನೂ ಹೇಳುವುದಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ? ಆಟದ ಮಧ್ಯೆ ಸುಮ್ಮನೆ ಕೂತುಬಿಡುತ್ತಾಳೆಯೇ? ಹಾಗೇನಾದರೂ ಕಂಡರೆ ಅದೇ ದಿನ ಡಾಕ್ಟರಿಗೆ ಹೇಳು, ನನಗೂ ಬರೆ.

ಪಿಟೀಲಿಗೆ ಒಂದು ಜೊತೆ ಶೂ ಕಳಿಸಿದ್ದೇನೆ. ಹೆಜ್ಜೆ ಊರಿದರೆ ಹಿಮ್ಮಡಿಯಲ್ಲಿ ಕೆಂಪು ನೀಲಿ ದೀಪ ಹತ್ತುತ್ತದೆ. ಅಂಗಡಿಯಲ್ಲಿ ನಾನೇ ಕೈಗೆ ಹಾಕಿಕೊಂಡು ಕೌಂಟರಿನ ಮೇಲೆ ಕುಟ್ಟಿ ನೋಡಿದೆ. ಅಂಗಡಿಯವನು ನನ್ನನ್ನು ಕೆಕ್ಕರಿಸಿಕೊಂಡು ನೋಡಿದ. ವಾರ್ಡಿನ ಉದ್ದಕ್ಕೂ ಆಂಬುಲೆನ್ಸಿನ ಹಾಗೆ ಮಿನುಗಿಕೊಂಡು ಓಡಾಡಲಿ.

ಸೊಂಟಕ್ಕೆ ಮುಲಾಮು ಅದೇ ಡಬ್ಬದಲ್ಲಿದೆ. ಅಲ್ಲಿಗೂ ಹೊಲಿಗೆ ಮೆಷಿನ್ ಹೊತ್ತುಕೊಂಡು ಹೋಗಿದ್ದೀಯ ಎಂದು ಭಾವ ಹೇಳಿದರು. ಬಗ್ಗಿ ಬಗ್ಗಿ ಹೊಲಿದರೆ ಸೊಂಟ ಹಿಡಿಯದೆ ಇನ್ನೇನು ಮಾಡುತ್ತದೆ? ಊರಿನವರ ರವಿಕೆ ಆರು ತಿಂಗಳು ಕಾಯಲಿ.

ನಿನ್ನ ತಂಗಿ


ಜುಲೈ ೧೦

ತಂಗೀ,

ಶೂ ಬಂತು, ನಾವು ಔಷಧಿಗೆಂದು ವಾರ್ಡಿನಲ್ಲಿದ್ದಾಗ. ಹಾಸಿಗೆಯ ಮೇಲೆ ಕೂತು ಒಂದಕ್ಕೊಂದು ಬಡಿದು ದೀಪ ಹತ್ತಿಸಿ ಇಡೀ ವಾರ್ಡಿಗೆ ತೋರಿಸಿದಳು. ಮಲಗುವಾಗಲೂ ಬಿಚ್ಚುವುದಿಲ್ಲ ಎಂದು ಹಟ. ಕೊನೆಗೆ ಒರೆಸಿ ದಿಂಬಿನ ಪಕ್ಕ ಇಟ್ಟೆ.

ಎರಡನೇ ಕೆಂಪು ಔಷಧಿ ಆಯಿತು. ಪಂಪಿಂಗ್ ಅರವತ್ತೊಂದು. ಮೆಟ್ಟಿಲಲ್ಲಿ ಏದುಸಿರು ಬರುತ್ತದೆಯೇ ಎಂದು ನೀನು ಕೇಳಿದ್ದೆ. ಇಲ್ಲ. ಒಂದು ದಿನವೂ ಇಲ್ಲ. ಕೂದಲು ಪೂರ್ತಿ ಹೋಯಿತು. ಅದಕ್ಕೆ ಅವಳು ಅಳಲಿಲ್ಲ, ನಾನು ಅತ್ತೆ. "ಅಮ್ಮಾ, ಬಾಚೋ ಕೆಲ್ಸ ತಪ್ಪಿತಲ್ಲ ನಿಂಗೆ" ಎಂದು ನನಗೇ ಸಮಾಧಾನ ಹೇಳಿದಳು.

ಪಕ್ಕದ ಹಾಸಿಗೆಯಲ್ಲಿ ಇವಳಷ್ಟೇ ವಯಸ್ಸಿನ ಇನ್ನೊಂದು ಹುಡುಗಿ ಇದ್ದಾಳೆ. ಹೋದ ವರ್ಷ ಅವಳ ಎಕೋದಲ್ಲಿ ಏನೋ ಕಡಿಮೆ ಬಂತೆಂದು ಕೆಂಪು ಔಷಧಿ ನಿಲ್ಲಿಸಿದ್ದರಂತೆ. ಹೃದಯ ಉಳಿಯಿತು, ಆರು ತಿಂಗಳಿಗೆ ಕಾಯಿಲೆ ತಿರುಗಿ ಬಂತು. ಆ ತಾಯಿ ನನ್ನ ಜೊತೆ ನೀರು ತರಲು ಬರುತ್ತಾಳೆ. "ಅವತ್ತು ನಾನು ಬಾಯ್ಬಿಡಬಾರದಿತ್ತು" ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾಳೆ. ಏನು ಹೇಳಬಾರದಿತ್ತು ಎಂದು ನಾನು ಕೇಳಲಿಲ್ಲ.

ಮುಲಾಮಿನಿಂದ ಸ್ವಲ್ಪ ಆರಾಮ. ಸಂಜೆಗೆ ಮತ್ತೆ ಹಿಡಿದುಕೊಳ್ಳುತ್ತದೆ.

ಅಕ್ಕ


ಜುಲೈ ೨೨

ಅಕ್ಕಾ,

ಅರವತ್ತೊಂದೂ ಒಳ್ಳೆಯದೇ. ನಾನೇ ಒಬ್ಬರ ಹೃದಯವನ್ನು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಅಳೆದರೆ ಐದು ಅಂಕ ಆಚೀಚೆ ಆಗುತ್ತದೆ. ಆ ಪಕ್ಕದ ಹಾಸಿಗೆಯ ಕಥೆಯನ್ನು ತಲೆಗೆ ಹಚ್ಚಿಕೊಳ್ಳಬೇಡ. ಒಬ್ಬರ ಕಾಯಿಲೆಯ ಹಾಗೆ ಇನ್ನೊಬ್ಬರದ್ದಿರುವುದಿಲ್ಲ. ನೀರು ತರಲು ಬೇರೆ ಹೊತ್ತಿಗೆ ಹೋಗು.

ಏದುಸಿರು ಇಲ್ಲ ಎಂದು ಓದಿ ಎರಡು ತುತ್ತು ಹೆಚ್ಚಿಗೆ ಊಟ ಮಾಡಿದೆ. ಮೆಷಿನ್ನಿಗಿಂತ ನಿನ್ನ ಆ ಒಂದು ಮಾತಿಗೇ ನನ್ನಲ್ಲಿ ಬೆಲೆ ಹೆಚ್ಚು.

ತಂಗಿ


ಆಗಸ್ಟ್ ೧೨

ತಂಗೀ,

ಈ ಸಲ ಇನ್ನೊಂದು ಹೊಸ ಅಳತೆ. ಹೃದಯದ ಡಾಕ್ಟರಮ್ಮ ತಾವೇ ಬಂದು ಕೂತು ಮಾಡಿದರು. ಸ್ಟ್ರೇನ್ ಅಂತ. ಪ್ರತಿ ಬಡಿತಕ್ಕೂ ಹೃದಯದ ಸ್ನಾಯು ಉದ್ದದಲ್ಲಿ ಎಷ್ಟು ಕುಗ್ಗುತ್ತದೆ ಎಂದು ನೋಡುವುದಂತೆ. ಪಂಪಿಂಗ್ ಇಳಿಯುವುದಕ್ಕೆ ಎಷ್ಟೋ ಮೊದಲೇ ಇದು ಇಳಿಯುತ್ತದಂತೆ. ಮೊದಲ ದಿನದ ರೆಕಾರ್ಡಿಂಗ್ ತೆಗೆದು ಅದನ್ನೂ ಅಳೆದರು. ಆಗ ಇಪ್ಪತ್ತೊಂದು. ಈಗ ಹದಿನೇಳು. ಪಂಪಿಂಗ್ ಮಾತ್ರ ಐವತ್ತೊಂಬತ್ತು, ಅಂದರೆ ನೀನು ಹೇಳಿದ ಗೆರೆಯಿಂದ ಮೇಲೆಯೇ.

"ಮಗು ಅಲ್ಲಾಡಿದ್ರೂ ಹೀಗೆ ಬರಬಹುದು. ಶುರುವಾಗಿದ್ರೂ ಹೀಗೆ ಬರಬಹುದು" ಎಂದರು ಡಾಕ್ಟರಮ್ಮ. ಆಮೇಲೆ ನನ್ನ ಮುಖ ನೋಡಿ ಕೇಳಿದರು, "ಮನೇಲಿ ಸುಸ್ತು ಅಂತಾಳಾ? ಮೆಟ್ಟಿಲು ಹತ್ತುವಾಗ ನಿಲ್ತಾಳಾ?" ಇಲ್ಲ ಎಂದೆ. ಪಿಟೀಲು ನನ್ನ ತೊಡೆಯ ಮೇಲೇ ಕೂತಿದ್ದಳು. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು.

ಹಾಗಾದರೆ ಮೂರನೆಯದು ಕೊಡೋಣ, ನಾಲ್ಕನೆಯದರ ಮುಂಚೆ ಮತ್ತೆ ಅಳೆಯೋಣ, ಆಗಲೂ ಹೀಗೇ ಇದ್ದರೆ ಔಷಧಿಯ ಬಗ್ಗೆ ಯೋಚಿಸಬೇಕಾಗುತ್ತದೆ ಎಂದರು. ಯೋಚಿಸುವುದು ಎಂದರೆ ಏನೆಂದು ನನಗೆ ಗೊತ್ತು. ಪಕ್ಕದ ಹಾಸಿಗೆ ನಿನ್ನೆ ಖಾಲಿಯಾಯಿತು ಕಣೇ. ಚಾದರ ಬದಲಾಯಿಸಿದ್ದಾರೆ, ಇನ್ನೂ ಯಾರೂ ಬಂದಿಲ್ಲ.

ನಿಜ ಹೇಳು, ಹದಿನೇಳು ಕೆಟ್ಟದ್ದಾ? ಅಲ್ಲ ಎಂದು ನೀನು ಹೇಳಿದರೆ ನಾನು ನಂಬುತ್ತೇನೆ.

ಅಕ್ಕ


ಆಗಸ್ಟ್ ೨೦

ಅಕ್ಕಾ,

ಹದಿನೇಳು ಕೆಟ್ಟದ್ದಲ್ಲ. ನಮ್ಮಲ್ಲೂ ಆ ಅಳತೆ ಇದೆ. ರೋಗಿ ಒಂದು ಸಲ ಕೆಮ್ಮಿದರೆ ಮಿಡತೆಯ ಹಾಗೆ ಎಗರಾಡುತ್ತದೆ. ಪಿಟೀಲಿನಂಥವಳು ಆ ಮಂಚದ ಮೇಲೆ ಸುಮ್ಮನೆ ಮಲಗಿದ್ದಳೆಂದು ನೀನು ಆಣೆ ಮಾಡಿದರೂ ನಾನು ನಂಬುವುದಿಲ್ಲ. ನಮ್ಮಲ್ಲಿಗೆ ಬರುವ ದೊಡ್ಡವರಲ್ಲಿ ಹದಿನೇಳು ಕಂಡರೆ ನಾನು ಮುಂದಿನವರನ್ನು ಕರೆಯುತ್ತೇನೆ. ಹೊಸ ಮೆಷಿನ್ ಬಂದರೆ ಡಾಕ್ಟರುಗಳಿಗೆ ಗುಡ್ಡ ಅಗೆದು ಇಲಿ ಹಿಡಿಯುವ ಹುರುಪು.

ಪಂಪಿಂಗ್ ಐವತ್ತೊಂಬತ್ತಿದೆ. ಮೆಟ್ಟಿಲಲ್ಲಿ ಏದುಸಿರು ಇಲ್ಲ. ಇವೆರಡೂ ಸರಿಯಿದ್ದರೆ ಹೆದರುವುದು ಏನಿದೆ? ಸರಿಯಾಗಿ ನಿದ್ದೆ ಮಾಡು.

ಖಾಲಿ ಹಾಸಿಗೆಯ ವಿಷಯ ಓದಿ ದೇವರ ಮುಂದೆ ಆ ಮಗುವಿಗೂ ಒಂದು ದೀಪ ಹಚ್ಚಿದೆ.

ತಂಗಿ


ಆಗಸ್ಟ್ ೨೯

ತಂಗೀ,

ನಿನ್ನ ಕಾಗದ ಬಂತು. ಮೂರು ಸಲ ಓದಿದೆ. ನಾವೆಲ್ಲ ಚೆನ್ನಾಗಿದ್ದೇವೆ. ನಾಲ್ಕನೆಯದು ಸೆಪ್ಟೆಂಬರ್ ಹದಿನಾಲ್ಕಕ್ಕೆ. ಚಿಕ್ಕಮ್ಮನಿಗೆ ತಾನೂ ಬರೆಯಬೇಕೆಂದು ಪಿಟೀಲು ಹಟ ಹಿಡಿದು ಕೂತು ಬರೆದಿದ್ದಾಳೆ. ನನಗೆ ತೋರಿಸಲಿಲ್ಲ, ಅಂಟಿಸಿಯೇ ಕೊಟ್ಟಳು. ಇದರ ಜೊತೆಗೆ ಇಟ್ಟಿದ್ದೇನೆ.

ಅಕ್ಕ

*

ಚಿಕ್ಕಮ್ಮಾ,

ನೀನು ಕೊಟ್ಟ ಶೂ ತುಂಬ ಚೆನ್ನಾಗಿದೆ. ಆದರೆ ನಡೆದು ದೀಪ ಹತ್ತಿಸಲು ಆಗುವುದೇ ಇಲ್ಲ. ಕಾಲು ನೆಲಕ್ಕೆ ತಾಗಿದರೆ ತಾನೇ ಹತ್ತುವುದು? ಅಮ್ಮ ನನ್ನನ್ನು ಎತ್ತಿಕೊಂಡೇ ಹೋಗುತ್ತಾಳೆ. ಮನೆಯ ಮೂರು ಮಹಡಿ ಎತ್ತಿಕೊಂಡೇ ಹತ್ತುತ್ತಾಳೆ. ಆಸ್ಪತ್ರೆಯಲ್ಲೂ ಎತ್ತಿಕೊಂಡೇ. ಅಮ್ಮನಿಗೆ ಸೊಂಟ ನೋವು, ಆದರೂ ಇಳಿಸುವುದಿಲ್ಲ. ನಾನೇನು ಪಾಪುವಾ? ನೀನು ಬಂದರೆ ನಾವಿಬ್ಬರೂ ಮೆಲ್ಲಗೆ ನಡೆಯೋಣ. ಮೆಲ್ಲಗೆ ನಡೆದರೂ ದೀಪ ಹತ್ತುತ್ತದಾ?

ನಿನ್ನ ಪಿಟೀಲು


ಸೆಪ್ಟೆಂಬರ್ ೪

ಅಕ್ಕಾ,

ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ಎತ್ತಿದವಳು ಪಿಟೀಲೇ. ಒಂದು ಸಲ ನೀನು ಸ್ನಾನಕ್ಕೆ ಹೋಗಿದ್ದೆಯಂತೆ, ಇನ್ನೊಂದು ಸಲ ಮಲಗಿದ್ದೆಯಂತೆ. ಮಟಮಟ ಮಧ್ಯಾಹ್ನ ಮಲಗುವವಳಲ್ಲ ನೀನು. ಅವಳ ಕಿವಿಗೆ ಬೀಳಬೇಕಾದ ಮಾತಲ್ಲವಾದ್ದರಿಂದ ಕಾಗದವನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ.

ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ ಎಂದು ನಾನು ಕೇಳಿದೆ. ನೀನು ಇಲ್ಲ ಎಂದೆ. ಸುಳ್ಳಲ್ಲ. ಮೆಟ್ಟಿಲು ಹತ್ತಿದವಳು ನೀನು, ಏದುಸಿರು ನಿನಗೆ ಬಂದಿರಬೇಕು! ನಿನ್ನ ಸೊಂಟಕ್ಕೆ ಮುಲಾಮು ಕಳಿಸಿದವಳು ನಾನು. ಎಂಥ ಪೆದ್ದಿ ನಾನು. ಆ ನೋವೇ ಕಾಗದದ ಮೇಲೆ ಕಾಗದ ಹಾಕಿ ಕೂಗಿ ಹೇಳುತ್ತಿತ್ತು, ನಾನು ಹೊಲಿಗೆ ಮೆಷಿನ್ನನ್ನು ಬೈದುಕೊಂಡು ಕೂತೆ.

ಇನ್ನು ನನ್ನ ತಪ್ಪು ಕೇಳು. ಹದಿನೇಳು ಕೆಟ್ಟದ್ದಲ್ಲ ಎಂದು ಬರೆದು ಟಪಾಲಿಗೆ ಹಾಕಿದ ಮರುದಿನ ನಮ್ಮ ಡಾಕ್ಟರನ್ನು ಕೇಳಿದೆ. "ಹದಿನೇಳು ಇಂಪಾರ್ಟೆಂಟ್ ಅಲ್ಲಮ್ಮ, ಎಲ್ಲಿಂದ ಹದಿನೇಳಕ್ಕೆ ಬಂತು ಅನ್ನೋದು ನೋಡು" ಎಂದರು. ಇಪ್ಪತ್ತೊಂದರಿಂದ. ಐದರಲ್ಲಿ ಒಂದು ಪಾಲು ಹೋಗಿದೆ ಅಕ್ಕಾ. ಮುದುಕರ ಅಳತೆಗೋಲನ್ನು ಮಗುವಿನ ಎದೆಯ ಮೇಲಿಟ್ಟು ನಾನು ಚಿನ್ನ ಚಿನ್ನ ಎನ್ನುತ್ತಿದ್ದೆ. ಅವರು ಹೇಳಿದ್ದನ್ನು ನಿನಗೆ ಬರೆಯಬೇಕಿತ್ತು, ಬರೆಯಲಿಲ್ಲ. ಹೇಗೂ ಸುಸ್ತಿಲ್ಲವಲ್ಲ, ಸುಮ್ಮನೆ ಯಾಕೆ ಹೆದರಿಸುವುದು ಎಂದುಕೊಂಡೆ. ನೀನು ಹೇಳಿದ "ಇಲ್ಲ" ನಂಬಿ ನಾನು ಸುಮ್ಮನಿದ್ದೆ, ನಾನು ಹೇಳಿದ "ಅಲ್ಲ" ನಂಬಿ ನೀನು ಸುಮ್ಮನಿದ್ದೆ.

ನಿನಗೆ ಯಾಕೆ ಭಯ ಎಂದು ನನಗೆ ಗೊತ್ತು. ಆ ಖಾಲಿ ಹಾಸಿಗೆ. ಅತ್ತ ದರಿ ಇತ್ತ ಪುಲಿ. ಆದರೆ ಔಷಧಿ ನಿಲ್ಲಿಸುವುದೊಂದೇ ದಾರಿ ಎಂದು ನಿನಗೆ ಹೇಳಿದವರು ಯಾರು? ಡಾಕ್ಟರಮ್ಮ ಹಾಗೆ ಹೇಳಿದರಾ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದೇ ಅವರು ಮೊದಲ ದಿನದಿಂದ ಅಳೆಯುತ್ತಿರುವುದು. ಕೋಲು ಬಿರುಕು ಬಿಟ್ಟಿರುವುದನ್ನು ಮುಚ್ಚಿಟ್ಟು ಅವರ ಕೈಗೆ ಕೊಟ್ಟರೆ ಅವರೇನು ಮಾಡಬೇಕು?

ಹದಿನಾಲ್ಕರ ಒಳಗೆ ಅವಳನ್ನು ಕೆಳಗಿಳಿಸು. ಅವರ ಕಣ್ಣೆದುರಿಗೆ. ಹದಿಮೂರರ ಸಂಜೆಯವರೆಗೆ ಕಾಯುತ್ತೇನೆ. ಆಮೇಲೆ ನಾನೇ ಆಸ್ಪತ್ರೆಗೆ ಫೋನ್ ಮಾಡುತ್ತೇನೆ. ನನ್ನ ಜೊತೆ ನೀನು ಜನ್ಮದಲ್ಲಿ ಮಾತಾಡದಿದ್ದರೂ ಸರಿ.

ತಂಗಿ


ಸೆಪ್ಟೆಂಬರ್ ೮

ತಂಗೀ,

ಕಾಗದ ಸಿಕ್ಕಿತು.

ಹೆತ್ತಿದ್ದರೆ ನಿನಗೆ ಗೊತ್ತಾಗುತ್ತಿತ್ತು. ಫೋನ್ ಮಾಡಬೇಡ.

ಅಕ್ಕ


ಸೆಪ್ಟೆಂಬರ್ ೧೭

ತಂಗೀ,

ಹೋದ ಕಾಗದದಲ್ಲಿ ಬರೆದ ಮಾತನ್ನು ಹೇಗೆ ಅಳಿಸಲಿ? ಹರಿದು ಹಾಕು. ಅವಳಿಗೆ ಹೆಸರಿಟ್ಟವಳಿಗೆ ಆ ಮಾತು ಹೇಳಿದೆನಲ್ಲ. ನೀನು ಆಸ್ಪತ್ರೆಗೆ ಫೋನ್ ಮಾಡಲಿಲ್ಲವೆಂದು ಡಾಕ್ಟರಮ್ಮನಿಂದ ತಿಳಿಯಿತು. ಹದಿಮೂರರ ಸಂಜೆ ಕಳೆದರೂ ಮಾಡಲಿಲ್ಲ. ನಾನೇ ಹೇಳಲಿ ಎಂದು ಬಿಟ್ಟೆಯೋ, ನನ್ನ ಮಾತು ಅಷ್ಟು ನಾಟಿತೋ, ಗೊತ್ತಿಲ್ಲ.

ನಡೆದದ್ದು ಹೇಳುತ್ತೇನೆ. ಮೊದಮೊದಲು ಎತ್ತಿಕೊಂಡದ್ದು ಬಿದ್ದಾಳೆಂಬ ಭಯಕ್ಕೇ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಬಿದ್ದರೆ ರಕ್ತ ನಿಲ್ಲುವುದಿಲ್ಲ ಎಂದಿದ್ದರು. ಜುಲೈ ಕೊನೆಯಲ್ಲಿ ಒಂದು ದಿನ ಎರಡೂ ಕೈಯಲ್ಲಿ ಒಗೆದ ಬಟ್ಟೆಯ ಗಂಟಿತ್ತು, ಅವಳೇ ನಡೆದು ಹತ್ತಿದಳು. ಎರಡನೇ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು ನಿಂತಳು. ತುಟಿ ಬಿಳಿಚಿಕೊಂಡಿತ್ತು. "ಅಮ್ಮಾ, ಗಾಳಿ ಸಾಲ್ತಿಲ್ಲ" ಎಂದಳು. ನಾನು ಬಟ್ಟೆಯ ಗಂಟನ್ನು ಅಲ್ಲೇ ಬಿಸಾಕಿ ಅವಳನ್ನು ಎತ್ತಿಕೊಂಡೆ. ಪಕ್ಕದ ಹಾಸಿಗೆಯ ತಾಯಿ ಬಾಯ್ಬಿಟ್ಟದ್ದು ಇಂಥ ಸುಸ್ತಿನ ಬಗ್ಗೆಯೇ ಎಂದು ಆಗ ಹೊಳೆಯಿತು. ಅವತ್ತೇ ಅವಳಿಗೆ ಹೇಳಿದೆ, "ಡಾಕ್ಟ್ರ ಮುಂದೆ ಸುಸ್ತು ಅನ್ಬೇಡ ಪುಟ್ಟಾ, ಔಷಧಿ ನಿಲ್ಲಿಸಿಬಿಡ್ತಾರೆ." ಆಮೇಲಿಂದ ಅವಳ ಕಾಲು ನೆಲಕ್ಕೆ ತಾಗಲು ಬಿಡಲಿಲ್ಲ. ಯಾರೂ ನೋಡದಿದ್ದರೆ ಅದು ಆಗಿಯೇ ಇಲ್ಲ ಎನ್ನುವ ಹಾಗೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ನಿನ್ನ ಕಾಗದದ ಒಂದು ಮಾತು ನನ್ನನ್ನು ಹಿಡಿಯಿತು, ಎಲ್ಲಿಂದ ಹದಿನೇಳಕ್ಕೆ ಬಂತು ಎಂಬುದು. ನಾನು ಹೊಲಿಗೆಯವಳು. ಊರಿನವರ ಅಳತೆಯಲ್ಲಿ ನನ್ನ ಮಗಳ ಲಂಗ ಕತ್ತರಿಸುತ್ತೇನೆಯೇ? ಅವಳದೇ ಹಳೆಯ ಅಳತೆ ತೆಗೆದು ನೋಡುತ್ತೇನೆ. ಡಾಕ್ಟರಮ್ಮ ಮಾಡಿದ್ದೂ ಅದನ್ನೇ. ಅರ್ಥವಾಗಿಯೂ ಅರ್ಥವಾಗದವಳ ಹಾಗೆ ಇದ್ದೆ.

ಹದಿನಾಲ್ಕರ ಬೆಳಗ್ಗೆ ಎಕೋ ಕೋಣೆ ಮೇಲಿನ ಮಹಡಿಗೆ ಬದಲಾಗಿದೆ ಎಂದರು. ಮೆಟ್ಟಿಲ ಬುಡದಲ್ಲಿ ಡಾಕ್ಟರಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ಪಿಟೀಲನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡೆ. ಆಮೇಲೆ ಅವಳನ್ನು ಇಳಿಸಿದೆ. "ಡಾಕ್ಟರಮ್ಮಾ, ಒಂದ್ನಿಮಿಷ ಇವಳು ಹತ್ತೋದು ನೋಡಿ" ಎಂದೆ.

ಪಿಟೀಲಿಗೆ ಮೊದಲು ಖುಷಿ. ಹಿಮ್ಮಡಿ ಊರಿ ಊರಿ ಹತ್ತಿದಳು. ಕೆಂಪು, ನೀಲಿ, ಕೆಂಪು, ನೀಲಿ. ತಿರುಗಿ ನೋಡಿ ನಕ್ಕಳು ಕೂಡ. ತಿರುವು ಬರುವ ಮುಂಚೆಯೇ ಹೆಜ್ಜೆ ನಿಧಾನವಾಯಿತು. ಕಂಬಿ ಹಿಡಿದು ನಿಂತಳು. ಭುಜ ಮೇಲೆ ಕೆಳಗೆ ಆಗುತ್ತಿತ್ತು. ಶೂ ಇನ್ನೊಂದು ಸಲ ಮಿನುಗಿ ಆರಿತು. ಅವಳು ಡಾಕ್ಟರಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ತಪ್ಪು ಮಾಡಿ ಸಿಕ್ಕಿಬಿದ್ದವಳ ಮುಖ.

"ಸುಸ್ತಾಗ್ಲಿಲ್ಲಮ್ಮಾ" ಎಂದಳು, ಉಸಿರಿನ ಮಧ್ಯೆ ಮಧ್ಯೆ. "ಸುಮ್ನೆ ನಿಂತೆ, ಅಷ್ಟೇ."

ತಂಗೀ, ಆ ಮಾತು ಕೇಳಿ ನಾನು ಅಲ್ಲೇ ಸತ್ತೆ. ಎಂಟು ವರ್ಷದ ಮಗು ಉಸಿರಾಡಲು ಒದ್ದಾಡುತ್ತಾ ನನ್ನ ಸುಳ್ಳನ್ನು ಕಾಯುತ್ತಿತ್ತು.

ಡಾಕ್ಟರಮ್ಮ ಬೈಯಲಿಲ್ಲ. ಮೇಲೆ ಹೋಗಿ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತರು. "ನಂಗೂ ಇಲ್ಲಿಗೆ ಬರೋ ಹೊತ್ತಿಗೆ ಸುಸ್ತಾಗತ್ತೆ, ಬಾ ಕೂತ್ಕೊಳ್ಳೋಣ" ಎಂದು ಅವಳ ಮಣಿಕಟ್ಟು ಹಿಡಿದುಕೊಂಡರು. ನಾಡಿ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಾಗಲಿಲ್ಲ.

ಅವತ್ತು ಔಷಧಿ ಕೊಡಲಿಲ್ಲ. ಎಕೋ ಮತ್ತೆ ಮಾಡಿದರು. ಸ್ಟ್ರೇನ್ ಹದಿನಾರು, ಪಂಪಿಂಗ್ ಐವತ್ತೈದು. ಹೃದಯಕ್ಕೆ ಗಾಯವಾಗಿದೆಯೇ ಎಂದು ಹೇಳುವ ರಕ್ತಪರೀಕ್ಷೆಯೂ ಆಯಿತು, ಅದರಲ್ಲೂ ಆಗಿದೆ ಎಂದೇ ಬಂತು. ಸುಸ್ತಿಗೆ ರಕ್ತ ಕಡಿಮೆ ಇರುವುದೂ ಒಂದು ಕಾರಣವಂತೆ, ಎಲ್ಲವೂ ಹೃದಯದ್ದೇ ಅಲ್ಲವಂತೆ. ಹೃದಯಕ್ಕೆ ಬೆಳಗ್ಗೆ ಸಂಜೆ ಮಾತ್ರೆ ಶುರುವಾಗಿದೆ. ಮುಂದಿನ ವಾರ ನಾಲ್ಕನೆಯದನ್ನು ಕೊಡುತ್ತಾರೆ, ಅದಕ್ಕೆ ಮುಂಚೆ ಹೃದಯವನ್ನು ಕಾಯುವ ಇನ್ನೊಂದು ಔಷಧಿ ಹಾಕುತ್ತಾರೆ. ಐದನೆಯದರ ಮಾತು ಆಮೇಲೆ. ಪೂರ್ತಿ ಮೊದಲಿನ ಹಾಗೆ ಆಗುತ್ತದಾ ಎಂದು ಕೇಳಿದೆ. "ಹೇಳಕ್ಕಾಗಲ್ಲ" ಎಂದರು. "ಗಾಯ ಇನ್ನೂ ಎಳೇದು, ಅಷ್ಟೇ ಹೇಳಬಲ್ಲೆ." ಹೋದ ತಿಂಗಳು ಹೇಳಿದ್ದರೆ ಇನ್ನೂ ಎಳೆಯದಾಗಿರುತ್ತಿತ್ತು ಎಂದು ಅವರು ಹೇಳಲಿಲ್ಲ. ಅದನ್ನು ನಾನೇ ದಿನಾ ಹೇಳಿಕೊಳ್ಳುತ್ತಿದ್ದೇನೆ. ಮೂರನೆಯದನ್ನು ಆ ಕಾಯುವ ಔಷಧಿಯಿಲ್ಲದೆ ಕೊಟ್ಟದ್ದು ನನ್ನ ಒಂದು "ಇಲ್ಲ"ದಿಂದ.

ಸಂಜೆ ಕೋಣೆಗೆ ಬಂದೆವು. ಮೆಟ್ಟಿಲ ಬುಡದಲ್ಲಿ ನಿಂತಳು, ಕೈ ಚಾಚಲಿಲ್ಲ.

"ಅಮ್ಮಾ, ಸುಸ್ತು ಅಂದ್ರೆ ಈಗ ಬೈತೀಯಾ?"

"ಇಲ್ಲ ಪುಟ್ಟಾ."

"ಔಷಧಿ ನಿಲ್ಲಿಸ್ತಾರಾ?"

"ಇಲ್ಲ. ಕೇಳಿದೀನಿ."

ಒಂದು ಕಾಲು ಊರಿ ಶೂವಿನ ದೀಪ ಹತ್ತಿಸಿದಳು.

"ಹಾಗಾದ್ರೆ ಸುಸ್ತಾಗಿದೆ" ಎಂದಳು. "ತುಂಬಾ ದಿನದಿಂದ ಸುಸ್ತಾಗಿದೆ, ಅಮ್ಮಾ."

ಎತ್ತಿಕೊಂಡೆ. ಮೂರೂ ಮಹಡಿ ಹತ್ತುವವರೆಗೆ ನನ್ನ ಹೆಗಲ ಮೇಲೆ ರಾಗ ಎಳೆದು ಎಳೆದು ಅತ್ತಳು, ಮೊದಲಿನ ಪಿಟೀಲಿನ ಹಾಗೆಯೇ. ನಾನು ಸುಮ್ಮನಿರು ಎನ್ನಲಿಲ್ಲ. ನೀನು ಬಾ.

ನಿನ್ನ ಅಕ್ಕ